ಹೂಳು

ದೆಹಲಿಯಲ್ಲಿ ಇನ್ನೂ ಚರ್ಚೆ ನಡೆಯುತ್ತಿತ್ತು,
ಇದು ಕುಸಿತವೋ ಬರೇ ನಿಧಾನವೋ ಎಂದು.
ನನಗೆ ಚೌತಿಗೂ ಮೊದಲೇ ಗೊತ್ತಿತ್ತು:
ವಾರಕ್ಕೊಂದು ಮುಗಿಯುತ್ತಿದ್ದ ಕಾಗದದ ಸುರುಳಿ
ಸೊಂಟದ ಮೆಶಿನಿನೊಳಗೆ
ತಿಂಗಳಾದರೂ ಮುಗಿದಿರಲಿಲ್ಲ.

ನಾನು ವಾಮನ ಬಂಗೇರ, ಸೊಸೈಟಿಯ ಪಿಗ್ಮಿಯವ.
ಹೆಸರಿಗೆ ತಕ್ಕ ಕೆಲಸ ಎಂದು ಮೆನೇಜರರ ತಮಾಷೆ.
ಮೂರೇ ಹೆಜ್ಜೆಯಲ್ಲ, ದಿನಕ್ಕೆ ಹನ್ನೆರಡು ಸಾವಿರ ನನ್ನದು:
ಬಂದರು, ದಕ್ಕೆ, ಫೆರಿ ದಾಟಿ ಬೆಂಗ್ರೆ.
ಕೇಳುವುದು ಮಾತ್ರ ಚಿಕ್ಕದು. ನೂರು, ಐವತ್ತು.

ಆ ವರ್ಷ ಲೋಕು ಪುತ್ರನ್ ಹೇಳಿದ,
"ಡೀಸೆಲಿನ ದುಡ್ಡೂ ಹುಟ್ಟುವುದಿಲ್ಲ, ಬೋಟು ಕಟ್ಟಿಹಾಕಿದ್ದೇನೆ."
ಕಟ್ಟಿಹಾಕಿದ್ದಕ್ಕೆ ಐಸ್ ಪ್ಲಾಂಟಿನ ಇದಿನಬ್ಬ
ಒಂದು ಕಂಪ್ರೆಸರ್ ನಿಲ್ಲಿಸಿದ.
ನಿಲ್ಲಿಸಿದ್ದಕ್ಕೆ ಲೋಡಿನ ಹುಡುಗರು
ಗೋಳಿಬಜೆ ಬಿಟ್ಟು ಬರೀ ಚಹಾ ಕುಡಿದರು.
ಹೊಟೇಲಿನ ಪಮ್ಮಣ್ಣ ಮೈದಾ ಅರ್ಧ ತಂದ.
ಅವರವರ ಮಟ್ಟಿಗೆ ಎಲ್ಲರೂ ಬುದ್ಧಿವಂತರೇ.
ಒಬ್ಬೊಬ್ಬನ ಬಿಗಿಮುಷ್ಟಿಯೂ ಸರಿ;
ಇಡೀ ಬಂದರೇ ಮುಷ್ಟಿಯಾದರೆ
ಕೊಡುವ ಕೈ ಯಾವುದು, ಕೊಳ್ಳುವ ಕೈ ಯಾವುದು?

ಇಪ್ಪತ್ತೆರಡು ವರ್ಷ ನಾನು ಹೇಳಿದ್ದು ಒಂದೇ ಮಾತು:
ಉಳಿಸಿ, ಅಕ್ಕ, ಉಳಿಸಿ.
ಈಗ ಎಲ್ಲರೂ ಉಳಿಸಲು ಕೂತಿದ್ದರು,
ಉಳಿಯುವಂಥದ್ದೇ ಏನೂ ಇರಲಿಲ್ಲ.
ಮೀನು ಕೊಯ್ಯುವ ಫ್ಲೋಸಿ ಬಾಯಿ ಕೇಳಿದಳು,
"ಹತ್ತು ರೂಪಾಯಿಗೂ ಮೆಶಿನು ಶಬ್ದ ಮಾಡ್ತದಾ?"
ಮಾಡ್ತದೆ ಎಂದೆ.
ಮಾಡಿತು.

ಇದರ ಮೇಲಿಂದ ಅಳಿವೆಬಾಗಿಲು.
ಹೂಳು ಕೂತು ಕೂತು
ಇಳಿತದ ಹೊತ್ತಿಗೆ ಕಾಗೆ ನಡೆದು ದಾಟುವಷ್ಟು ನೀರು.
ಚಂದ್ರಹಾಸ ಕರ್ಕೇರನ ಬೋಟು
ಮೂರು ದಿನ ಅಲ್ಲೇ ಅಡ್ಡ ಮಲಗಿತು,
ಹೊಟ್ಟೆಯೊಳಗೆ ಕೊಳೆಯುವ ಬಂಗುಡೆ.
ಬಲೆ ಹರಿದರೆ ಕರ್ಕೇರ ಹೊಲಿಯುತ್ತಾನೆ,
ಪ್ರೊಪೆಲ್ಲರ್ ಬಾಗಿದರೆ ಸಾಲ ಮಾಡಿಯಾನು;
ಹೊಳೆಯ ಬಾಯಿಯನ್ನು ಮನೆಯ ಹಾರೆಯಿಂದ
ಬಿಡಿಸಲಿಕ್ಕೆ ಆಗ್ತದಾ ಮಾರಾಯ?
ಅದು ಯಾರದ್ದೂ ಅಲ್ಲ, ಎಲ್ಲರದ್ದು.
ಅಂಥದ್ದಕ್ಕೇ ಅಲ್ಲವೇ
ಸರ್ಕಾರ ಎಂದು ಒಂದನ್ನು ಇಟ್ಟುಕೊಂಡದ್ದು?

ಕರೆದೆವು, ದೀಪಾವಳಿಯ ರಾತ್ರಿ ಗದ್ದೆಯಲ್ಲಿ ನಿಂತು
ಬಲೀಂದ್ರನನ್ನು ಕರೆದ ಹಾಗೆ, ಕೂ ಎಂದು.
ಮನವಿ, ಮರುಮನವಿ, ದಕ್ಕೆಯಲ್ಲಿ ಧರಣಿ.
ಕಲ್ಲು ಕಾಯಿ ಬಿಡುವ ಹೊತ್ತಿಗೆ ಉತ್ತರ ಬಂತು:
ಖಜಾನೆಯೂ ಬಡವಾಗಿದೆ, ನೀವೂ ಹೊಟ್ಟೆ ಕಟ್ಟಿ.
ಇದಿನಬ್ಬ ನಕ್ಕ. "ಎಲ್ಲರೂ ಕಟ್ಟಿಯಾಗಿದೆ ಸ್ವಾಮೀ,
ಚೀಲದ ಬಾಯಿ ಬಿಚ್ಚುವವ ಒಬ್ಬನಾದರೂ ಬೇಕಲ್ಲ."

ಚುನಾವಣೆಗೋ ಕರುಣೆಗೋ, ಕೊನೆಗೊಮ್ಮೆ ಬಂತು
ತುಕ್ಕು ಹಿಡಿದ ಹಳದಿ ಡ್ರೆಜ್ಜರ್.
ಕಾಯಿ ಒಡೆದವರ ಹೆಸರು ಫಲಕದಲ್ಲಿದೆ.
ಎತ್ತಿದ ಹೂಳಿನಲ್ಲಿ ಅರ್ಧ
ಕಡತದಲ್ಲೇ ಎತ್ತಿದ್ದು ಎಂದೂ ಹೇಳುತ್ತಾರೆ.
ನಾನು ಅಳೆಯಲಿಲ್ಲ, ನಾನು ಅಳೆಯುವುದು ಚೀಟಿಯನ್ನು.
ಪೈಪು ಜೋಡಿಸುವ ಮೂವತ್ತು ಜನ
ಪಮ್ಮಣ್ಣನಲ್ಲಿ ಗೋಳಿಬಜೆ ತಿಂದರು, ಚಟ್ನಿ ಎರಡೆರಡು ಸಲ.
ಪಮ್ಮಣ್ಣ ಮುರಿದ ಬೆಂಚು ರಿಪೇರಿಗೆ ಕೊಟ್ಟ.
ಬೋಟುಗಳು ಹೊರಟವು. ಕಂಪ್ರೆಸರ್ ಗುರ್ರೆಂದಿತು.
ಫ್ಲೋಸಿ ಬಾಯಿ, ಏನೂ ಹೇಳದೆ, ನಲವತ್ತು ಕೊಟ್ಟಳು.

ಈ ಸಾಲ ತೀರಿಸುವವರು ಯಾರು, ಮೆನೇಜರರನ್ನು ಕೇಳಿದೆ.
"ಮಕ್ಕಳು," ಎಂದರು. ಸ್ವಲ್ಪ ತಡೆದು,
"ಬೋಟು ಒಳಗೆ ಬಂದರೆ ಅವರಿಗೂ ಭಾರವಲ್ಲ."
ಬರದಿದ್ದರೆ?
ಕನ್ನಡಕ ತೆಗೆದು ಒರೆಸಿಕೊಂಡರು.

ಎಂಟು ತಿಂಗಳು ಮುಂದೂಡಿದ ಚಪ್ಪಲಿಯನ್ನು
ನಾನು ಆ ಶನಿವಾರ ಕೊಂಡೆ.
ಅಂಗಡಿಯವ ನನ್ನದೇ ನೂರರ ನೋಟನ್ನು ಮಡಚಿ
ನನಗೇ ಪಿಗ್ಮಿ ಕಟ್ಟಿದ.
ಬಂದರಿನ ಎಲ್ಲ ನೋಟಿಗೂ ಇರುವಂತೆ
ಅದರ ಅಂಚಿಗೂ ಮೀನಿನ ಒಂದು ಹುರುಪೆ ಅಂಟಿತ್ತು.

ಕೊನೆಯ ಫೆರಿಯಲ್ಲಿ ಹೊಸ ಚಪ್ಪಲಿ ಕಚ್ಚುತ್ತಿತ್ತು.
ಅಳಿವೆಯ ಕಡೆ ನೋಡಿದೆ:
ಮರಳು, ಸದ್ದಿಲ್ಲದೆ, ಮರಳುತ್ತಿತ್ತು.
ಬರುವ ಮಳೆಗಾಲ ಕಳೆದರೆ
ಮತ್ತೆ ಕರೆಯಬೇಕು.
ಕೂ.